ಬಂಡೆಯೊಳಗಿನ ಮುರು

ಕಡಲು ಬಂಡೆಗೆ ತಲೆ ಚಚ್ಚಿಕೊಳ್ಳುವ ಕಡೆ ಒಂದು ಆಶ್ರಮ. ಅಲ್ಲಿ ದುಗ್ಗಪ್ಪಯ್ಯ ಎಂಬ ಗುರು. ಜಟ್ಟು, ವಾಮನ ಎಂಬ ಇಬ್ಬರು ಶಿಷ್ಯರು.

ಗುರುಗಳು ಮೀನು ತಿನ್ನುತ್ತಿದ್ದರು. ಅಡುಗೆಮನೆ ಬಾಗಿಲಿಗೇ ಕಡಲು ಬಂದು ಕರೆಯುವಾಗ ಬರೀ ಸೊಪ್ಪು ತಿನ್ನುವಷ್ಟು ದೊಡ್ಡ ಗುರು ಅವರಲ್ಲ.

ವಾಮನ ಓದುವವನು. ಜಟ್ಟು ಓದುವವನ ಜುಟ್ಟು ಎಳೆಯುವವನು.

ಆ ಬೆಳಿಗ್ಗೆ ದೋಣಿಯಲ್ಲಿ ಊರಿನವರು ಬಂದಿದ್ದರು. ವಾಮನ ಮೊದಲ ಸಲ ಜನರ ಮುಂದೆ ಕೂತು ಶ್ಲೋಕ ಹೇಳುವವನಿದ್ದ. ಅವನ ಚಾಪೆಯ ಮಡಿಕೆಯಲ್ಲಿ ಜಟ್ಟು ಒಂದು ಏಡಿ ಇಟ್ಟ.

ಶ್ಲೋಕ ಮೇಲಕ್ಕೆ ಹೋಯಿತು. ಪಂಚೆ ಕೆಳಕ್ಕೆ ಬಂತು.

ಜನ ಬಿದ್ದು ಬಿದ್ದು ನಕ್ಕರು. ವಾಮನ ಪಂಚೆ ಬಾಚಿಕೊಂಡು ಓಡಿ, ಕೋಣೆ ಸೇರಿ ಅಗುಳಿ ಹಾಕಿದ.

"ಸಂಜೆ ದೋಣಿಗೆ ನಾನೂ ಹೋಗ್ತೇನೆ. ಮತ್ತೆ ಬರೂದಿಲ್ಲ," ಎಂದು ಒಳಗಿನಿಂದಲೇ ಕೂಗಿದ.

ಜಟ್ಟುವಿನ ನಗೆ ಅರ್ಧಕ್ಕೇ ನಿಂತಿತು. ಆಶ್ರಮದಲ್ಲಿ ಅವನ ಜೊತೆ ಉಣ್ಣುವವನು, ಜಗಳ ಆಡುವವನು, ಗುರುಗಳು ನಿದ್ದೆ ಹೋದಾಗ ಬೆಲ್ಲ ಕದಿಯುವವನು, ಎಲ್ಲ ವಾಮನನೊಬ್ಬನೇ.

ಜಟ್ಟು ಬಾಗಿಲು ಬಡಿದ. "ಏ ವಾಮನಾ, ಬಾರಾ! ಪಂಚೆ ನಾನೇ ಉಡಿಸ್ತೇನೆ, ಗಂಟು ಹಾಕಿ!"

ಒಳಗೆ ಬೆಂಚು ಎಳೆದ ಸದ್ದು.

"ಏಡಿಯೂ ಹೆದರಿ ಮನೆಗೆ ಹೋಯ್ತು ಮಾರಾಯ!"

ಅಕ್ಕಿ ಚೀಲ ಎಳೆದ ಸದ್ದು.

ಜಟ್ಟು ಬಾಗಿಲಿಗೆ ಹೆಗಲು ಕೊಟ್ಟು ನೂಕಿದ. ಬಾಗಿಲು ಅಲುಗಲಿಲ್ಲ. ಹೆಗಲು ಮಾತ್ರ ಊದಿತು.

ಅವನು ಗುರುಗಳ ಹತ್ತಿರ ಓಡಿದ. "ನೀವೊಂದು ಮಾತು ಹೇಳಿ, ಗುರುಗಳೇ. ನೀವು ಹೇಳಿದರೆ ಬರ್ತಾನೆ."

ಗುರುಗಳು ಮಾಡಿನಿಂದ ಗಾಳ ತೆಗೆದರು. "ಬಾ, ಮೀನು ಹಿಡಿಯುವ."

"ಮೀನಾ? ಉಬ್ಬರ ತುಂಬಿದ ಕೂಡಲೇ ದೋಣಿ ಬಿಡ್ತಾರೆ!"

"ಹಾಗಾದರೆ ಬೇಗ ಬಾ."

ಬಂಡೆಗಳ ನಡುವೆ ಒಂದು ಕಪ್ಪು ಸಂದು. ಗುರುಗಳು ಗಾಳಕ್ಕೆ ಸಣ್ಣದೊಂದು ಬೂತಾಯಿ ಮೀನು ಸಿಕ್ಕಿಸಿ ಅದರ ಬಾಯಿಗೆ ಇಳಿಬಿಟ್ಟರು.

"ಇಲ್ಲಿ ಯಾರ ಮನೆ?" ಜಟ್ಟು ಕೇಳಿದ.

"ಮುರು ಮೀನಿನದು."

"ಕಾಣೂದಿಲ್ಲವಲ್ಲ!"

"ಬಂಡೆಯ ಬಣ್ಣವೇ ಮೈಗೆ ಬಳಿದುಕೊಂಡು ಕೂತಿದೆ. ನಿನ್ನ ಹಾಗೆ ಓಡಾಡಿ ಬೇಟೆ ಆಡುವ ಜಾತಿಯಲ್ಲ. ಎದುರಿಗೆ ಬಂದದ್ದನ್ನು ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ."

"ಸೋಮಾರಿ!"

"ಹುಟ್ಟುವಾಗ ಹೆಣ್ಣು, ದೊಡ್ಡದಾದ ಮೇಲೆ ಗಂಡು. ಅಷ್ಟೆಲ್ಲ ಬದಲಾದರೂ ಹಿಡಿದ ಬಿಲ ಸುಲಭಕ್ಕೆ ಬಿಡುವುದಿಲ್ಲ."

ಜಟ್ಟು ಒಂದು ತಮಾಷೆ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೆಳಗೆ ಇನ್ನೊಂದು ಬಾಯಿ ತೆರೆಯಿತು. ದಾರ ಸರ್ರನೆ ಸಂದಿನೊಳಗೆ ಓಡಿತು.

"ಬಿತ್ತು! ಬಿತ್ತು!" ಜಟ್ಟು ದಾರ ಕಸಿದು ಎಳೆದ.

ದಾರ ಬಂಡೆಗೇ ಕಟ್ಟಿದ ಹಾಗೆ ನಿಂತಿತು. ಕಾಲು ಕೊಟ್ಟು ಎಳೆದ. ಅಂಗೈ ಕೊಯ್ದು ರಕ್ತ ಬಂತು. ಮೀನು ಬರಲಿಲ್ಲ.

"ಒಳಗೆ ಏನು ಮಾಡ್ತಿದೆ ಅದು?"

"ಕಿವಿರು ಅಗಲಿಸಿದೆ. ಬೆನ್ನಿನ ಮುಳ್ಳು ಎಬ್ಬಿಸಿದೆ. ಬಿಲಕ್ಕೆ ಬಿರಡೆ ಹಾಕಿದ ಹಾಗೆ ಕೂತಿದೆ. ನೀನು ಎಳೆದಷ್ಟೂ ಬಿಗಿ."

"ಬೆಂಚು, ಅಕ್ಕಿ ಚೀಲ..." ಎಂದು ಗೊಣಗಿದ ಜಟ್ಟು, ಮತ್ತೆ ಎಳೆಯಲು ಹೊರಟ.

ಗುರುಗಳು ದಾರ ತೆಗೆದುಕೊಂಡರು. ಒಂದಿಷ್ಟು ಸಡಿಲ ಬಿಟ್ಟು, ಬಂಡೆಗೆ ಒರಗಿ ಕೂತರು.

"ಈಗ?"

"ಈಗ ಏನೂ ಇಲ್ಲ."

ಜಟ್ಟುವಿಗೆ ಏನೂ ಇಲ್ಲದೆ ಕೂತು ಅಭ್ಯಾಸವಿರಲಿಲ್ಲ. ಕಾಲು ಕುಣಿಸಿದ. ಕಲ್ಲು ಎಸೆಯಲು ಕೈ ಎತ್ತಿದ, ಗುರುಗಳ ಮುಖ ನೋಡಿ ಇಳಿಸಿದ. ನೀರು ಏರುತ್ತಿತ್ತು. ದೋಣಿಯವನು ಹುಟ್ಟು ಜೋಡಿಸುವುದು ಕಾಣುತ್ತಿತ್ತು.

"ಗುರುಗಳೇ, ದೋಣಿ..."

"ಹ್ಞೂಂ."

ಕೊನೆಗೆ ಜಟ್ಟುವಿಗೂ ಮಾತು ಮುಗಿಯಿತು. ಹುಟ್ಟಿದ ಮೇಲೆ ಮೊದಲ ಸಲ ಇರಬೇಕು.

ಆಗ ಸಡಿಲ ದಾರ ಮೆಲ್ಲಗೆ ಅಲುಗಿತು. ಯಾರೂ ಎಳೆಯದೆ, ತಾನಾಗಿ ಹೊರಗೆ ಸರಿಯಿತು. ಗುರುಗಳು ಕಾದರು. ಇನ್ನೂ ಸರಿಯಿತು. ಮರುಗಳಿಗೆ ಒಂದೇ ಎಳೆತ. ದಪ್ಪ ತುಟಿಯ, ಕಂದು ಚುಕ್ಕೆಯ ಮುರು ಬಂಡೆಯ ಮೇಲೆ ಬಿದ್ದು ಬಾಲ ಬಡಿಯಿತು.

"ಮೂವರಿಗೆ ಸಾಕು," ಎಂದರು ಗುರುಗಳು.

ಮೂವರಿಗೆ ಎಂಬ ಮಾತು ಕೇಳುತ್ತಲೇ ಜಟ್ಟು ಓಡಿದ.

ವಾಮನನ ಬಾಗಿಲ ಮುಂದೆ ಬಂದು ನಿಂತ. ಬಡಿಯಲು ಎತ್ತಿದ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡ.

"ತಪ್ಪು ನಂದೇ, ವಾಮನ," ಎಂದ. "ಇಲ್ಲೇ ಹೊರಗೆ ಕೂತಿರ್ತೇನೆ."

ಬಾಗಿಲಿಗೆ ಅಡ್ಡವಾಗಿ ಅಲ್ಲ, ಪಕ್ಕಕ್ಕೆ ಸರಿದು, ದೋಣಿಯ ದಾರಿ ಬಿಟ್ಟು ಕೂತ.

ಗುರುಗಳು ಅಂಗಳದಲ್ಲಿ ಕತ್ತಿ ಹಿಡಿದು ಮೀನು ಹೆರೆಯತೊಡಗಿದರು.

"ಹೋಗುವವರು ಬನ್ನೀ!" ದೋಣಿಯವನು ಕೂಗಿದ.

ಜಟ್ಟು ಕೂತಲ್ಲಿಂದ ಏಳಲಿಲ್ಲ.

ಒಳಗೆ ಅಕ್ಕಿ ಚೀಲ ಸರಿಯಿತು. "ಏ ಜಟ್ಟು, ಇದ್ದೀಯಾ?"

"ಇದ್ದೇನೆ."

"ಮತ್ತೆಂಥದಕ್ಕೆ ಬಾಯಿ ಮುಚ್ಚಿ ಕೂತದ್ದು? ಇನ್ನೊಂದು ಏಡಿ ತಂದಿದ್ದೀಯಾ?"

"ಇಲ್ಲ."

ಬೆಂಚು ಸರಿಯಿತು. ಅಗುಳಿ ತೆರೆಯಿತು. ವಾಮನ ಬಟ್ಟೆಯ ಗಂಟು ಹೊತ್ತು ಬಾಗಿಲಿಗೆ ಬಂದ. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ಕಣ್ಣು ಕೆಂಪಾಗಿತ್ತು. ದಾರಿ ಖಾಲಿ ಇತ್ತು. ಅವನು ದೋಣಿ ನೋಡಿದ, ಜಟ್ಟುವಿನ ಕೊಯ್ದ ಅಂಗೈ ನೋಡಿದ, ಮತ್ತೆ ಅಂಗಳ ನೋಡಿದ.

"ಅದು ಯಾವ ಮೀನು?"

"ಮುರು."

"ನೀನು ಹಿಡಿದದ್ದಾ?"

"ನಾನು ಹಿಡಿದಿದ್ದರೆ ಅದು ಇನ್ನೂ ಒಳಗೇ ಇರ್ತಿತ್ತು."

ವಾಮನನ ತುಟಿಯ ಒಂದು ತುದಿ ಅಲುಗಿತು. ನಗಲಿಲ್ಲ. ಗಂಟನ್ನು ಹೊಸ್ತಿಲ ಮೇಲೆ ಇಳಿಸಿದ. ಒಂದು ಕೈ ಮಾತ್ರ ಅದರ ಮೇಲೇ ಇತ್ತು.

ದೋಣಿಯವನು ಇನ್ನೊಮ್ಮೆ ಕೂಗಿದ.

ಜಟ್ಟುವಿನ ಕೈ ತಡೆಯಲಾರದೆ ಗಂಟಿನ ಕಡೆ ಮೆಲ್ಲಗೆ ಸರಿಯಿತು.

ಗುರುಗಳು ಹೆರೆಯುತ್ತಿದ್ದ ಮೀನಿನಿಂದ ತಲೆ ಎತ್ತಲಿಲ್ಲ.

"ಮೀನಾಗಿದ್ದರೆ ಈಗ ಎಳೆಯಬೇಕಿತ್ತು, ಜಟ್ಟು."