ಅಳತೆಗೆ ನಿಂತ ಮಿಣುಕ

ಕಣ್ಣಿನ ಶಸ್ತ್ರಕ್ರಿಯೆಗೆ ಹೊರಟಿದ್ದ ಲೇಸರಿನ ಪುಟ್ಟ ಬೆಳಕಿನ ತುಣುಕು ಮಿಣುಕನನ್ನು ಗಡಿಯಾರ ಬಾಗಿಲಲ್ಲೇ ತಡೆಯಿತು. "ನೀನು ತುಸು ಉದ್ದವಿದ್ದರೂ ಕಣ್ಣು ಸುಡುತ್ತೆ. ನಿಲ್ಲಯ್ಯ, ಅಳೀತೀನಿ!"

"ನಿನ್ನ ಮುಳ್ಳು ಅಲುಗೋದರೊಳಗೆ ನಾನು ಮುಗಿದೇ ಹೋಗಿರ್ತೀನಲ್ಲ!" ಕೆಲಸ ಕೈತಪ್ಪಿತೆಂದು ಮಿಣುಕ ಹಿಂದಿರುಗಲು ಹೊರಟ.

ಅರ್ಧ ಬೆಳಕನ್ನು ದಾಟಿಸಿ ಉಳಿದರ್ಧವನ್ನು ತಿರುಗಿಸುವ ಅರೆಗನ್ನಡಿ ಪಕ್ಕದಿಂದ ಕರೆಯಿತು: "ಇತ್ತ ಬಾರೋ. ನಿನ್ನನ್ನು ಇಬ್ಭಾಗ ಮಾಡಿ ಎರಡು ದಾರಿಯಲ್ಲಿ ಕಳಿಸ್ತೀನಿ. ಎರಡು ಅರ್ಧಗಳೂ ಒಂದೇ ಕ್ಷಣಕ್ಕೆ ಬಂದು ತಾಕಿದರೆ ಮಾತ್ರ ದಾರಿಯ ಕೊನೆಯಲ್ಲಿರೋ ಹರಳು ನೀಲಿಯಾಗಿ ಬೆಳಗುತ್ತೆ."

ಮಿಣುಕ ಮತ್ತೆ ಮತ್ತೆ ಹಾರಿದ. ಕನ್ನಡಿ ಪ್ರತಿ ಸಲವೂ ಒಂದು ದಾರಿಯನ್ನು ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆಯಷ್ಟು ಹಿಗ್ಗಿಸುತ್ತ ಹೋಯಿತು. ಹರಳು ಬೆಳಗಿತು, ಮಂಕಾಯಿತು, ಕೊನೆಗೆ ಆರಿತು.

"ಸಿಕ್ಕಿತು!" ಎಂದಿತು ಕನ್ನಡಿ. "ಇಷ್ಟೇ ಹಿಂದೆ ಬಿದ್ದರೂ ನಿನ್ನ ಒಂದರ್ಧ ಇನ್ನೊಂದಕ್ಕೆ ತಾಕಲ್ಲ. ನಿನ್ನ ಬಾಲ ಇಲ್ಲಿಗೇ ಮುಗೀತು. ನೀನು ಗಿಡ್ಡನೇ ಕಣೋ, ಹೋಗು ಒಳಗೆ!"

ಗಡಿಯಾರ ಬಾಗಿಲು ತೆರೆಯುತ್ತ ಗೊಣಗಿತು: "ಅಳೆಯೋಕೆ ಯಾರ ಗಡಿಯಾರ ತಂದೆ?"

ಕನ್ನಡಿ ಹೇಳಿತು: "ಇವನಿಗಿಂತ ಚುರುಕಾದ ಗಡಿಯಾರ ಪೇಟೆಯಲ್ಲೇ ಇಲ್ಲ. ಇವನಿಂದಲೇ ಇವನನ್ನು ಅಳೆದೆ."