ಬಾಳವ್ವನ ಎಳೆ

ಬಹಳ ಹಿಂದೆ, ಕುಂಪಣಿ ಸರಕಾರದ ಕುದುರೆಗಳು ನಮ್ಮ ಹೊಲಗಳನ್ನು ತುಳಿದು ಓಡಾಡುತ್ತಿದ್ದ ಕಾಲದಲ್ಲಿ, ಎರೆಹಾಳ ಎಂಬ ಊರಲ್ಲಿ ಬಾಳವ್ವ ಎಂಬ ಹೆಣ್ಣುಮಗಳಿದ್ದಳಂತೆ. ಗಂಡ ಶಿವರುದ್ರ ಹಾವು ಕಚ್ಚಿ ಸತ್ತಿದ್ದ. ಮಕ್ಕಳಿರಲಿಲ್ಲ. ಎತ್ತು ಎಳೆಯುವ ಕಣದ ಗುಂಡನ್ನು ಆಕೆ ಒಬ್ಬಳೇ ಎಳೆದಳು ಅನ್ನುತ್ತಾರೆ. ಗುಂಡಿನ ಮಾತಿಗೆ ನಾನು ಸಾಕ್ಷಿ ಹೇಳಲಾರೆ, ಬೇಕಾದರೆ ನೀವು ನಂಬಿ. ಮುಂದೆ ಹೇಳುವ ಕೂಸಿನ ಮಾತು ಮಾತ್ರ ಅಪ್ಪಟ ನಿಜ.

ಆ ವರ್ಷ ಗುಡ್ಡದ ಕೋಟೆಯ ದೇಸಾಯಿ ಕುಂಪಣಿಯ ಮೇಲೆ ಕತ್ತಿ ಎತ್ತಿ ಸೋತನಂತೆ. ಅವನನ್ನು ಗಲ್ಲಿಗೇರಿಸಿದರು. ಅವನಿಗೊಂದು ಹಾಲುಗೂಸಿತ್ತು, ಅದು ಸಿಗಲಿಲ್ಲ. ಕಪ್ತಾನ ಸಾಹೇಬ ಊರೂರು ಹುಡುಕಿದ. ಅಪ್ಪನ ಹೆಸರು ಹೇಳಲಾಗದ ಕೂಸು ಕಂಡರೆ ಎತ್ತಿಕೊಂಡು ಹೋಗುತ್ತೇವೆ, ಬಚ್ಚಿಟ್ಟ ಊರಿಗೆ ಬೆಂಕಿ ಇಡುತ್ತೇವೆ ಎಂದು ಡಂಗುರ ಸಾರಿಸಿದ.

ಒಂದು ದಿನ ಬಾಳವ್ವ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳಂತೆ. ಸೆರಗು ಕಟ್ಟಿದ ಉಡಿಯ ತುಂಬ ಹತ್ತಿ. ಕೋಟೆಯ ದಾಸಿಯೊಬ್ಬಳು ಏದುಸಿರು ಬಿಡುತ್ತ ಬಂದವಳೇ ಆ ಉಡಿಗೆ ಕೂಸನ್ನು ಹಾಕಿ, ಹೊಳೆಯ ಕಡೆಗೆ ಓಡಿಹೋದಳು. ಕೂಸು ಹತ್ತಿಯೊಳಗಿಂದ ಕೈ ಚಾಚಿ ಬಾಳವ್ವನ ಬೆರಳು ಹಿಡಿಯಿತು. ಆಕೆಗೆ ಹೆದರಿಕೆಯೂ ಆಯಿತು, ಇದನ್ನು ಯಾರಿಗೂ ಕೊಡಲಾರೆ ಅಂತಲೂ ಅನ್ನಿಸಿತು.

ತಲೆ ಎತ್ತಿದರೆ ಬದುವಿನ ಮೇಲೆ ಎತ್ತು ಏರಿ ಮಾಳಿಂಗ ಹೆಳವ ನಿಂತಿದ್ದಾನೆ! ಹೆಳವರು ಗೊತ್ತಲ್ಲ, ಸುಗ್ಗಿಗೆ ಬಂದು ಮನೆಮನೆಯ ವಂಶ ಹಾಡುವವರು. ಹೆಳವ ಸುಳ್ಳು ಹಾಡಿದರೆ ಏರಿದ ಎತ್ತು ಸಾಯುತ್ತದೆ ಎಂದು ನಂಬಿಕೆ. ಅವತ್ತು ಬೆಳಗ್ಗೆಯಷ್ಟೇ ಬಾಳವ್ವನ ಅಂಗಳದಲ್ಲಿ ಶಿವರುದ್ರನ ತನಕ ಹಾಡಿ, "ವಂಶ ಇಲ್ಲಿಗೆ ನಿಂತಿತು" ಎಂದು ಗಂಟೆ ಬಾರಿಸಿ ಹೋದವನು ಅವನೇ. ಎಲ್ಲವನ್ನೂ ನೋಡಿದ. ಎತ್ತು ಹೊಡೆದುಕೊಂಡು ಹೋದ.

ಮರುದಿನ ಕಪ್ತಾನ ಬಂದೇಬಿಟ್ಟ. ಊರ ಗೌಡ ಹನಮಗೌಡ ಕೆಟ್ಟವನಲ್ಲ, ಪುಕ್ಕಲ. ಊರು ಸುಟ್ಟರೆ ಏನು ಗತಿ ಎಂದು ನಡುಗಿ, ಮಕ್ಕಳಿಲ್ಲದ ಬಾಳವ್ವನ ಮನೆಯಲ್ಲಿ ಕೂಸು ಅಳುತ್ತಿದೆ ಎಂದು ತಾನೇ ಹೋಗಿ ಹೇಳಿದನಂತೆ. ಆಕೆಯನ್ನು ಚಾವಡಿಗೆ ಎಳೆತಂದರು. ಕೂಸು ಉಡಿಯಲ್ಲೇ ಇತ್ತು. ಈಕೆಯ ವಂಶ ಹೇಳಲಿ ಎಂದು ಹೆಳವನನ್ನೂ ಕರೆಸಿದರು.

ಮಾಳಿಂಗ ಮೂಲಪುರುಷನಿಂದ ಹಿಡಿದು ಹಾಡಿದ. ಒಬ್ಬೊಬ್ಬ ಗಂಡಸಿನ ಹೆಸರು ದಾಟಿದಂತೆಲ್ಲ ಬಾಳವ್ವ ಉಡಿಯ ಗಂಟು ಬಿಗಿ ಮಾಡುತ್ತಿದ್ದಳು. ಶಿವರುದ್ರನ ಹೆಸರು ಬಂತು. ಹೆಳವನ ಹಾಡು ಅಲ್ಲಿಗೆ ನಿಂತಿತು. ಸಿಪಾಯಿ ಉಡಿಗೆ ಕೈ ಹಾಕಲು ಮುಂದೆ ಬಂದ.

ಬಾಳವ್ವ ಕೂಸನ್ನು ಅವುಚಿಕೊಂಡು ಕೂಗಿದಳಂತೆ: "ನಿಂತದ್ದು ನನ್ನ ಗಂಡನ ವಂಶ. ನನ್ನವ್ವನ ಎಳಿ ಹಿಡದು ಹೇಳೋ ಮಾಳಿಂಗಣ್ಣಾ!"

ಹಿಂದೆಂದೂ ಯಾರೂ ಹೀಗೆ ಕೇಳಿರಲಿಲ್ಲ. ಹೆಣ್ಣುಮಕ್ಕಳ ಹೆಸರು ಹೆಳವರ ಹಾಡಿನಲ್ಲಿ ಬರುವುದು ಯಾವ ಮನೆಗೆ ಕೊಟ್ಟರು ಎಂಬ ಒಂದು ಮಾತಿಗಷ್ಟೇ. ಮಾಳಿಂಗ ಕಣ್ಣು ಮುಚ್ಚಿ, ಹತ್ತು ಮನೆಗಳ ಹಾಡಿನಿಂದ ಒಂದೊಂದೇ ಹೆಸರು ಹೆಕ್ಕಿ ಜೋಡಿಸತೊಡಗಿದ. ಬಾಳವ್ವನ ತಾಯಿ ಗಂಗವ್ವ, ಗಂಗವ್ವನ ತಾಯಿ ನಿಂಬೆವ್ವ. ನಿಂಬೆವ್ವನ ಬೆನ್ನಿಗೆ ಹುಟ್ಟಿದ ತಂಗಿ ಕಲ್ಲವ್ವ. ಕಲ್ಲವ್ವನ ಮಗಳು ಎರೆಹಾಳದ ಗೌಡರ ಮನೆಯ ಸೊಸೆ. ಆಕೆಯ ಮಗ ಹನಮಗೌಡ.

ಗೌಡ ತಟ್ಟನೆ ತಲೆ ಎತ್ತಿದ. ತಾಯಿಯ ತಾಯಿಗೊಬ್ಬ ಅಕ್ಕ ಇದ್ದಳೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಮಾಳಿಂಗ ಎತ್ತಿನ ಬೆನ್ನ ಮೇಲೆ ಕೈಯಿಟ್ಟ. "ನಿಂಬೆವ್ವನ ಮೊಮ್ಮಗಳು ಬಾಳವ್ವ. ಬಾಳವ್ವನ ಉಡಿಯಾಗ ಗಂಡು ಕೂಸು. ಬಿದ್ದದ್ದನ್ನ ನನ್ನ ಕಣ್ಣೀಲೆ ಕಂಡೇನಿ."

ಅಪ್ಪನ ಹೆಸರೇನೆಂದು ಕಪ್ತಾನ ಗದರಿಸಿದ.

"ಈ ಎಳಿಯಾಗ ಅಪ್ಪಂದಿರ ಹೆಸರು ಬರೂದಿಲ್ರಿ ಸಾಹೇಬ್ರ."

ಎತ್ತು ಕುಸಿಯಲಿಲ್ಲ. ಕಪ್ತಾನ ಗೌಡನ ಕಡೆ ತಿರುಗಿ, ಇದು ನಿಜವೋ ಸುಳ್ಳೋ ಎಂದು ಕೇಳಿದ. ಬಾಳವ್ವ ಗೌಡನನ್ನೇ ನೋಡಿದಳು. ತಾಯಂದಿರ ಲೆಕ್ಕದಲ್ಲಿ ಅವನು ಆಕೆಗೆ ಅಣ್ಣ. ಒಂದೇ ಮಾತು ಸಾಕು, ಕೂಸು ಹೋಗುತ್ತದೆ. ಹನಮಗೌಡ ರುಮಾಲಿನ ತುದಿಯಿಂದ ಬೆವರು ಒರೆಸಿಕೊಂಡ.

"ಖರೇ ಐತ್ರಿ. ಆ ಕೂಸಿಗೆ ನಾ ಸೋದರಮಾವ."

ದೂರು ಹೇಳಿದ ಗೌಡನೇ ಕೂಸು ತಮ್ಮದೆಂದಾಗ ಕಪ್ತಾನ ನಂಬಿದ. ಅವನು ಕುದುರೆ ಏರಿ ಹೋದ ಮೇಲೆ ಬಾಳವ್ವ ಚಾವಡಿಯ ಕಟ್ಟೆಗೆ ಕುಸಿದು ಕೂತು ಗೊಳೋ ಎಂದು ಅತ್ತಳು. ಗೌಡ ಹತ್ತಿರ ಬಂದು, ಮುಖ ತೋರಿಸಲಾಗದೆ, ಕೂಸಿಗೆ ಹಾಲು ಬೇಕೇನವ್ವಾ ಎಂದು ಕೇಳಿದನಂತೆ. ಅವನ ಮನೆಯ ಹಸುವಿನ ಹಾಲಲ್ಲೇ ಕೂಸು ಬೆಳೆಯಿತು.

ಆ ಕೂಸಿನ ಮಕ್ಕಳು ಮರಿಮಕ್ಕಳು ಈಗ ನಾಲ್ಕೂರಿಗೆ ಹಬ್ಬಿದ್ದಾರೆ. ನೀವು ದೇಸಾಯಿಯ ರಕ್ತ, ದೇಸಗತಿಯ ಹಕ್ಕು ಕೇಳಿರಿ ಎಂದು ಯಾರೋ ಕಿವಿ ಊದಿದರೂ ಅವರು ಬಾಳವ್ವನ ಬಳಗ ಅಂತಲೇ ಹೇಳಿಕೊಂಡರು. ಹೆಳವ ಬಂದಾಗ ಅವರ ಅಂಗಳದಲ್ಲಿ ಮೊದಲು ತಾಯಂದಿರ ಎಳೆ ಹಾಡಬೇಕು. ಕೊಟ್ಟ ಮನೆಗಳಿಂದ ಹೆಣ್ಣುಮಕ್ಕಳು ತಮ್ಮ ಹೆಸರು ಕೇಳಲೆಂದೇ ಬರುತ್ತಾರೆ.

ಎರೆಹಾಳದಲ್ಲಿ ಗುರುತಿಲ್ಲದ ಕೂಸೊಂದು ಬೀದಿಯಲ್ಲಿ ಅಳುತ್ತಿದ್ದರೆ ಇವತ್ತಿಗೂ ನಿಮ್ಮಪ್ಪ ಯಾರು ಅಂತ ಕೇಳುವುದಿಲ್ಲ. ಕೈಗೆ ರೊಟ್ಟಿ ಕೊಟ್ಟು, ನಿಮ್ಮವ್ವ ಯಾರು ಅಂತ ಕೇಳುತ್ತಾರೆ. ಹೇಳಲು ಅದಕ್ಕೆ ಬಾರದಿದ್ದರೆ, ಹತ್ತಿರ ನಿಂತ ಹೆಂಗಸು ಯಾರೇ ಆಗಲಿ, "ಬಾಳವ್ವ" ಅಂದುಬಿಡುತ್ತಾಳೆ.