ಮನೆಯ ಮಣೆಗೆ ಬಾರದ ಗುಬ್ಬಿಗಳು

ಒಂದಾನೊಂದು ಊರಿನಲ್ಲಿ, ನಕಾಶೆ ಬಿಚ್ಚಿದ ಕೂಡಲೇ ಮಡಿಕೆಯೊಳಗೆ ಸರಿದುಕೊಳ್ಳುವಂಥ ಒಂದು ಊರಿನಲ್ಲಿ, ಗುರುಪಾದಪ್ಪ ಎಂಬ ಗಾದಿ ಹೊಲಿಯುವವನಿದ್ದ. ಆ ಊರಿಗೆ ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಬೇಸಿಗೆಗೆ ಕಾಯುವ ಕಾಲ. ಬೇಸಿಗೆ ಬಂತೆಂದರೆ ಊರಿಗೆ ಊರೇ ಆಟಕ್ಕೆ ಬೀಳುತ್ತಿತ್ತು. ಮೂಡಲ ಬಯಲಲ್ಲಿ ಕುಸ್ತಿ, ಪಡುವಲಲ್ಲಿ ಕಬಡ್ಡಿ, ಬಡಗಲಲ್ಲಿ ಲಗೋರಿ, ತೆಂಕಲಲ್ಲಿ ಖೋಖೋ. ನಡುವಿನ ಬಯಲಲ್ಲಿ ಒಂದು ಗಿಡದ ನೆರಳೂ ಇರಲಿಲ್ಲ. ಅಲ್ಲಿ ಬೇಸ್‌ಬಾಲ್.

ಬೇಸ್‌ಬಾಲ್ ಅಲ್ಲಿಗೆ ಹೇಗೆ ಬಂತು ಅಂತ ಕೇಳಬೇಡಿ, ಕೇಳದಿದ್ದರೂ ಹೇಳುತ್ತೇನೆ. ಒಂದು ವರ್ಷ ಸೆಕೆ ತಾಳಲಾರದೆ ರಾಜ ಪರದೇಶಕ್ಕೆ ಓಲೆ ಬರೆಸಿದ: “ಬೇಸಿಗೆಯಲ್ಲಿ ಬೀಸುವುದಕ್ಕೆ ಏನಾದರೂ ಕಳಿಸಿ.” ಅವನಿಗೆ ಬೇಕಿದ್ದದ್ದು ಬೀಸಣಿಗೆ. ಬಂದದ್ದು ಒಂದು ಮರದ ದಾಂಡು, ಒಂದು ಚೆಂಡು, ನಿಯಮ ಬರೆದ ಒಂದು ಹಾಳೆ. ದಾಂಡು ಬೀಸಿದರೆ ಗಾಳಿಯೇನೋ ಬರುತ್ತಿತ್ತು, ಆದರೆ ಗಾಳಿ ತೆಗೆದುಕೊಳ್ಳಲು ಹತ್ತಿರ ನಿಂತವರು ನಿಂತಲ್ಲಿ ಇರುತ್ತಿರಲಿಲ್ಲ. ರಾಜ ಅದನ್ನು ಬಯಲಿಗೆ ಕಳಿಸಿದ. ಹಾಳೆಯಲ್ಲಿ ನಾಲ್ಕು ‘ಬೇಸ್’ ಬೇಕೆಂದಿತ್ತು. ಹಾಗೆಂದರೇನೆಂದು ಯಾರಿಗೂ ತಿಳಿಯದೆ ಅರಮನೆಯ ಅಡುಗೆಮನೆಯಿಂದ ನಾಲ್ಕು ಊಟದ ಮಣೆ ತಂದಿಟ್ಟರು.

ಆಟ ಸುಲಭ. ನಾಲ್ಕನೆಯದಕ್ಕೆ ಮನೆಯ ಮಣೆ ಎಂದು ಹೆಸರು. ಅದರ ಪಕ್ಕ ನಿಂತು ಚೆಂಡು ಹೊಡೆಯಬೇಕು. ಒಂದನೆಯ, ಎರಡನೆಯ, ಮೂರನೆಯ ಮಣೆ ಸುತ್ತಿ ಓಡಿ ಮತ್ತೆ ಮನೆಯ ಮಣೆಗೆ ಬರಬೇಕು. ಬಂದರೆ ಒಂದು ಓಟ.

ಪ್ರತಿ ಮನೆಯೂ ಒಂದು ಆಟವನ್ನು ಪ್ರೀತಿಸತಕ್ಕದ್ದು ಎಂದು ರಾಜಾಜ್ಞೆಯಿತ್ತು. ಆಟ ಹಂಚುವ ದಿನ ಗುರುಪಾದಪ್ಪ ಸೂಜಿ ಹುಡುಕುತ್ತ ತಡಮಾಡಿದ. ಅವನು ಹೋಗುವಷ್ಟರಲ್ಲಿ ಒಳ್ಳೆಯವೆಲ್ಲ ಖಾಲಿಯಾಗಿ, ಬೇಸ್‌ಬಾಲ್ ಆಡುವ ಗುಬ್ಬಿ ತಂಡ ಒಂದೇ ಉಳಿದಿತ್ತು. “ಇದನ್ನ ಕೊಡ್ರಿ” ಎಂದ. ವಾರ ಕಳೆಯುವುದರೊಳಗೆ, ತಾನು ಆರಿಸಿ ಆರಿಸಿ ತಂದೆ ಎಂದು ಊರಲ್ಲೆಲ್ಲ ಹೇಳತೊಡಗಿದ.

ಹದಿನೇಳು ಬೇಸಿಗೆ ಹೋದವು. ಪಕ್ಕದ ಊರಿನ ಗಿಡುಗ ತಂಡ ಬರುತ್ತಿತ್ತು, ಗೆಲ್ಲುತ್ತಿತ್ತು, ಹೋಗುತ್ತಿತ್ತು. ಗುಬ್ಬಿಗಳು ಒಂದೇ ಒಂದು ಓಟ ಮಾಡಲಿಲ್ಲ. ಗುರುಪಾದಪ್ಪ ಒಂದೇ ಒಂದು ಆಟ ತಪ್ಪಿಸಲಿಲ್ಲ. ಸಂಜೆ ಮನೆಗೆ ಬಂದರೆ ಹೆಂಡತಿ ಶಾವಂತ್ರೆವ್ವ ಕೇಳುತ್ತಿದ್ದಳು.

“ಏನಾತ್ರಿ?”

“ಸ್ವಲ್ಪದಾಗ ತಪ್ಪಿತು.”

“ಎಷ್ಟು ಸ್ವಲ್ಪದಾಗ?”

“ನಲವತ್ತೊಂದು ಓಟದಾಗ.”

ಇದಕ್ಕೆಲ್ಲ ತಾನೇ ಕಾರಣ ಎಂದು ಅವನ ನಂಬಿಕೆ. ಪಟ್ಟೆ ಅಂಗಿ ಹಾಕಿದ್ದಕ್ಕೆ ಸೋತರು ಎಂದು ಪಟ್ಟೆ ಅಂಗಿ ಬಿಟ್ಟ. ಮಜ್ಜಿಗೆ ಕುಡಿದದ್ದಕ್ಕೆ ಸೋತರು ಎಂದು ಮಜ್ಜಿಗೆ ಬಿಟ್ಟ. ಒಂದು ಬೇಸಿಗೆಯಿಡೀ ಎಡಗಾಲ ಮೇಲೆ ನಿಂತು ನೋಡಿದ. ಆ ವರ್ಷವೂ ಸೋತರು, ಆದರೆ ವಾಲಿಕೊಂಡು ಸೋತಂತೆ ಅವನಿಗೆ ಕಂಡಿತು.

ಒಂದು ಮಧ್ಯಾಹ್ನ ಆಟ ಮುಗಿದು ಎಲ್ಲರೂ ಹೋದ ಮೇಲೆ ಅವನೊಬ್ಬನೇ ಬಯಲಲ್ಲಿ ಕೂತಿದ್ದ. ಬಿಕ್ಕುವ ಸದ್ದು ಕೇಳಿಸಿತು. ನೋಡಿದರೆ ಮನೆಯ ಮಣೆ.

“ಯಾಕವ್ವ ಅಳ್ತಿ?” ಎಂದ.

“ಹದಿನೇಳು ವರ್ಷಾತು ಯಪ್ಪಾ. ನಮ್ಮ ಗುಬ್ಬಿಯವ್ರು ಒಬ್ಬರೂ ನನ್ನ ತನಕ ಬಂದಿಲ್ಲ. ಎಲ್ಲಾರೂ ಆ ಮೂರನೇದಾಕಿ ಹಂತ್ಯಾಕ ಉಳಿತಾರ.”

ಗುರುಪಾದಪ್ಪ ಮೂರನೆಯ ಮಣೆಯ ಹತ್ತಿರ ಹೋದ. “ಯಾಕ ತಡೀತಿ ನಮ್ಮ ಮಂದೀನ?”

“ನಾ ಎಲ್ಲಿ ತಡೀತೀನಿ?” ಎಂದಿತು ಮೂರನೆಯ ಮಣೆ. “ಓಡಿ ಬರ್ತಾರ, ದಣದಿರ್ತಾರ, ಮಣಿ ಕಾಣ್ತದ, ಕುಂದರ್ತಾರ. ಮಣಿ ಮ್ಯಾಲೆ ಕುಂತವರು ಉಣ್ಣದ ಏಳೂದು ಎಲ್ಲ್ಯರ ಐತೇನು? ಬಡಸೂದು ನಿಮಗ ಬಿಟ್ಟದ್ದು.”

“ಹಂಗಾರ ಗಿಡುಗದವ್ರು ಹೆಂಗ ಓಡ್ತಾರ?”

“ಅವರದು ನಿಂತು ಉಣ್ಣೂ ಊರು.”

ಗುರುಪಾದಪ್ಪನಿಗೆ ಆಗ ತಿಳಿಯಿತು. ಕಾರಣ ಅಂಗಿಯಲ್ಲ. ಮಜ್ಜಿಗೆಯಲ್ಲ. ಎಡಗಾಲೂ ಅಲ್ಲ. ಹದಿನೇಳು ವರ್ಷದ ಸೋಲಿನಲ್ಲಿ ತನ್ನ ಪಾಲು ಏನೇನೂ ಇಲ್ಲ. ಹಗುರವಾಗಬೇಕಾದವನಿಗೆ ಯಾಕೋ ಅವಮಾನವಾಯಿತು.

ಮನೆಗೆ ಬಂದು ಶಾವಂತ್ರೆವ್ವನಿಗೆ ಹೇಳಿದ. ಮಣೆ ಮಾತಾಡಿತು ಎಂದದ್ದಕ್ಕೆ ಅವಳು ಹುಬ್ಬೇರಿಸಲಿಲ್ಲ. ತಂಡದ ಒಂಬತ್ತು ಮಂದಿಯನ್ನು ಹದಿನೇಳು ವರ್ಷ ಬರಿಹೊಟ್ಟೆಯಲ್ಲಿ ಕೂರಿಸಿದ್ದಾರೆ ಎಂದು ಬೈದಳು. ಮರುದಿನ ಬುಟ್ಟಿ ಕಟ್ಟಿ ಕಳಿಸಿದಳು. ಒಂದನೆಯ ಮಣೆಗೆ ಉಪ್ಪಿನಕಾಯಿ, ಎರಡನೆಯದಕ್ಕೆ ರೊಟ್ಟಿ ಪಲ್ಯ, ಮೂರನೆಯದಕ್ಕೆ ಅನ್ನ ಸಾರು. ತಂಡದ ನಾಯಕ ದ್ಯಾಮಣ್ಣ ಚೆಂಡು ಹೊಡೆದು ಎರಡನೆಯ ಮಣೆ ಮುಟ್ಟಿದ, ಆರು ರೊಟ್ಟಿ ತಿಂದ, ಅಲ್ಲೇ ನಿದ್ದೆ ಹೋದ. ಹಿಂದೆ ಓಡಿ ಬಂದವರು ಪಂಕ್ತಿ ಕೂತರು.

“ನೀವು ಗಂಡಸರಿಗೆ ಬಡಸೂದೂ ಬರಂಗಿಲ್ಲ” ಎಂದಳು ಶಾವಂತ್ರೆವ್ವ. “ಮೂರೂ ಕಡೆ ಒಂದೊಂದೇ ತುತ್ತು ಇಡ್ರಿ. ಹೋಳಿಗಿ ಮಾತ್ರ ಮನಿ ಮಣಿ ಮ್ಯಾಲೆ ಇಡ್ರಿ. ಆಮ್ಯಾಲೆ ನೋಡ್ರಿ.”

ಹಾಗೇ ಇಟ್ಟ. ದ್ಯಾಮಣ್ಣ ಚೆಂಡು ಹೊಡೆದ. ಒಂದು ತುತ್ತು, ಓಡಿದ. ಒಂದು ತುತ್ತು, ಓಡಿದ. ಮೂರನೆಯ ಮಣೆಯ ಮೇಲೆ ಅರ್ಧ ಕೂತ, ಗಾಳಿಯಲ್ಲಿ ತುಪ್ಪದ ವಾಸನೆ ಬಂತು, ಎದ್ದ. ಬಂದವನೇ ಮನೆಯ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ತೀರ್ಪುಗಾರನಿಗೆ ಗುಬ್ಬಿಗಳ ಹೆಸರಿನ ಮುಂದೆ ಒಂದು ಅಂಕಿ ಬರೆದು ಅಭ್ಯಾಸವಿರಲಿಲ್ಲ. ಬರೆದು ಎರಡು ಸಲ ಅಳಿಸಿದ. ಗುರುಪಾದಪ್ಪನಿಗೆ ಕಣ್ಣು ತುಂಬಿ ಬಂತು. ಓಟ ಬಂದಾಗ ಏನನ್ನಬೇಕೆಂದು ಗೊತ್ತಿಲ್ಲದೆ, ರೂಢಿಯ ಮೇಲೆ, “ಇರಲಿ ಬಿಡ್ರಿ, ಮುಂದಿನ ವರ್ಷ ನೋಡೋಣು” ಎಂದ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಹೋಳಿಗೆಯ ವಾಸನೆ ಒಂದೇ ಬಯಲಲ್ಲಿ ನಿಲ್ಲುವಂಥದಲ್ಲ. ಮರುದಿನ ಪಡುವಲಿಂದ ಒಬ್ಬ ಕಬಡ್ಡಿಯವನು ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಮೂರೂ ಮಣೆ ಸುತ್ತಿ ಮನೆಯ ಮಣೆಗೆ ಬಂದು ಕೂತ. ಮಣೆಗೆ ಬಂದರೆ ಓಟ ಎಂದು ಹಾಳೆಯಲ್ಲಿತ್ತು; ಯಾರು ಬಂದರೆ ಎಂದು ಇರಲಿಲ್ಲ. ಗುಬ್ಬಿಗಳಿಗೆ ಒಂದು ಓಟ. ಮೂಡಲಿಂದ ಇಬ್ಬರು ಪೈಲ್ವಾನರು ಹಿಡಿದ ಪಟ್ಟು ಬಿಡದೆ ಉರುಳಿಕೊಂಡು ಬಂದರು. ಅವರನ್ನು ಬಿಡಿಸಲು ಆಗದ್ದರಿಂದ ಇಬ್ಬರಿಗೂ ಸೇರಿ ಒಂದೇ ಓಟ. ಲಗೋರಿಯವರು ಬಂದರು, ಖೋಖೋದವರು ಬಂದರು, ನೋಡುವವರೂ ಬಂದರು. ಸಂಜೆಗೆ ಮುನ್ನೂರ ಹನ್ನೆರಡು ಓಟ. ಗಿಡುಗ ತಂಡದವರು ತಾವೂ ಒಂದು ಸುತ್ತು ಬಂದು, ಕೂತು ಉಂಡು, ಸೋತು ಹೋದರು.

ಊರಿನವರೆಲ್ಲ ತಾವು ಹುಟ್ಟಿದಾಗಿನಿಂದ ಗುಬ್ಬಿಗಳ ಕಡೆ ಎಂದರು. ಬಯಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಸಾಲಿನಲ್ಲಿ ಕತ್ತು ಉದ್ದ ಮಾಡಿಕೊಂಡು ನಿಂತಿದ್ದ ಗುರುಪಾದಪ್ಪನನ್ನು ಪಕ್ಕದವನೊಬ್ಬ ಕೇಳಿದ:

“ನೀವು ಹೊಸಾಬರೇನ್ರಿ?”

ಗುರುಪಾದಪ್ಪ “ಹೂನ್ರಿ” ಎಂದ.

ಇತ್ತ ಅರಮನೆಯಲ್ಲಿ ರಾಜನ ಮಧ್ಯಾಹ್ನದ ನಿದ್ದೆ ಕೆಟ್ಟಿತು. ಆ ರಾಜನಿಗೆ ರಾಜ್ಯದ ಚಿಂತೆಯಿರಲಿಲ್ಲ, ನಿದ್ದೆಯ ಚಿಂತೆಯಿತ್ತು. ಕುಸ್ತಿ, ಕಬಡ್ಡಿ, ಲಗೋರಿ, ಖೋಖೋ ನಾಲ್ಕು ದಿಕ್ಕಿನಿಂದ ಸದ್ದು ಮಾಡಿ ನಾಲ್ಕು ಮೂಲೆ ಹಿಡಿದುಕೊಂಡರೆ ಮಾತ್ರ ಅವನ ನಿದ್ದೆ ಬಿಗಿಯಾಗಿ ನಿಲ್ಲುತ್ತಿತ್ತು. ಈಗ ಮೂಲೆಗಳೆಲ್ಲ ಸಡಿಲ, ಸದ್ದೆಲ್ಲ ನಡುವೆ. ಗುರುಪಾದಪ್ಪನನ್ನು, ದ್ಯಾಮಣ್ಣನನ್ನು, ನಾಲ್ಕು ಮಣೆಗಳನ್ನು ಕರೆಸಿದ.

“ನಡುವೆ ಸದ್ದಿರಬಾರದು. ನಡುವೆ ನಾವು ಮಲಗಿರುತ್ತೇವೆ” ಎಂದ ರಾಜ. “ಎರಡು ದಾರಿ ಇದೆ. ನಾಲ್ಕು ಮಣೆಗಳನ್ನು ನಾಲ್ಕು ಬಯಲಿಗೆ ಹಂಚುತ್ತೇವೆ. ಹೋಳಿಗೆ ಅಲ್ಲಲ್ಲೇ ತಿನ್ನಲಿ. ಬೇಸ್‌ಬಾಲ್ ಇವತ್ತಿಗೆ ಮುಗಿಯಲಿ. ಗುಬ್ಬಿಗಳ ಮುನ್ನೂರ ಹನ್ನೆರಡು ಓಟವನ್ನು ಕಲ್ಲಿನ ಮೇಲೆ ಕೆತ್ತಿಸುತ್ತೇವೆ. ಇಲ್ಲವೋ, ಮಣೆ ನಡುಬಯಲಲ್ಲೇ ಇರಲಿ, ಹೋಳಿಗೆ ಬೇಡ.”

“ಹೋಳಿಗಿ ಇಲ್ಲಂದ್ರ ಸೋಲ್ತಾರ್ರಿ, ದೊರೆ.”

“ಸೋಲುತ್ತಾರೆ. ಸದ್ದಿಲ್ಲದೆ ಸೋಲುತ್ತಾರೆ. ಯಾವುದು ಬೇಕೋ ನೀನೇ ಹೇಳು.”

ಗುರುಪಾದಪ್ಪ ದ್ಯಾಮಣ್ಣನ ಮುಖ ನೋಡಿದ.

“ನಿನ್ನ ಇಷ್ಟ ಗುರುಪಾದಣ್ಣ” ಎಂದ ದ್ಯಾಮಣ್ಣ. “ನಮಗ ಆಡೂದಂತೂ ರೂಢಿ ಐತಿ. ಗೆಲ್ಲೂದು ಮೊನ್ನಿಯಿಂದ ಶುರು ಆಗ್ಯಾದ.”

ಮನೆಯ ಮಣೆಯನ್ನು ಕೇಳಿದ. “ಒಂದ ದಿನದಾಗ ಮುನ್ನೂರರ ಮ್ಯಾಲೆ ಮಂದಿ ಕುಂತಾರ” ಎಂದು ಅದು ನರಳಿತು. “ನನ್ನ ಸೊಂಟ ಹೋತು ಯಪ್ಪಾ. ಇನ್ನೊಂದು ಹದಿನೇಳು ವರ್ಷ ಯಾರೂ ಬರದಿದ್ರೂ ನಡೀತದ.”

ಗುರುಪಾದಪ್ಪ ಯೋಚಿಸಿದ. ಕೆತ್ತಿದ ಕಲ್ಲು ಚೆಂದವೇ. ಜಗತ್ತಿನಲ್ಲಿ ಯಾರೂ ಅದನ್ನು ಇನ್ನು ಸೋಲಿಸಲಾರರು. ಆದರೆ ಕಲ್ಲು ನೋಡಲು ಒಂದು ಗಳಿಗೆ ಸಾಕು. ಉಳಿದ ಮಧ್ಯಾಹ್ನಗಳನ್ನು ಏನು ಮಾಡುವುದು? ಗಾದಿ ಹೊಲಿಯಬೇಕಾದೀತು ಎಂದು ಅವನಿಗೆ ನಿಜಕ್ಕೂ ಭಯವಾಯಿತು.

“ಆಡ್ಲಿ ಬಿಡ್ರಿ” ಎಂದ.

ಮರುದಿನ ಎಲ್ಲರೂ ತಮ್ಮ ತಮ್ಮ ಬಯಲಿಗೆ ಹೋದರು. ರಾಜ ನಿದ್ದೆ ಮಾಡಿದ. ನಡುಬಯಲಿನ ಬಿಸಿಲಲ್ಲಿ ಗುರುಪಾದಪ್ಪ ಎಷ್ಟು ಬೇಕೋ ಅಷ್ಟು ಜಾಗದಲ್ಲಿ ನಿಂತ. ಆಟ ಶುರುವಾದ ಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು ಶಾವಂತ್ರೆವ್ವ ಬಂದಳು. ಅಷ್ಟು ಅಡುಗೆ ಮಾಡಿ ಕಳಿಸಿದವಳು ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಕೊನೆಯ ತನಕ ಕೂತು ನೋಡಿದಳು. ಗುಬ್ಬಿಗಳು ಐವತ್ತಾರು ಓಟದಿಂದ ಸೋತರು.

ಇಬ್ಬರೂ ಮನೆಯ ದಾರಿ ಹಿಡಿದರು. ಕೆರೆ ಏರಿ ದಾಟಿದರು. ಅವಳು ನಿಂತು, ಬಯಲಿನ ಕಡೆ ತಿರುಗಿ ಹೇಳಿದಳು:

“ಮೂರನೇ ಮಣಿ ಮ್ಯಾಲೆ ಕುಂತವಾ ಒಮ್ಮಿ ಎದ್ದಿದ್ದನಂದ್ರ, ಇವತ್ತು ಗೆಲ್ತಿದ್ವಿ ನೋಡ್ರಿ.”

ಗೆಲ್ತಿದ್ದರು ಅನ್ನಲಿಲ್ಲ, ಗೆಲ್ತಿದ್ವಿ ಅಂದಳು. ಗುರುಪಾದಪ್ಪನಿಗೆ ಖುಷಿಯಾಯಿತು, ಅದರ ಹಿಂದೆಯೇ ಅವಳ ಮೇಲೆ ಕನಿಕರವೂ ಆಯಿತು.

ಅವರು ಅತ್ತ ಮನೆ ಸೇರಿದರು, ಕತೆ ಇತ್ತ ಬಾಯಿ ಸೇರಿತು. ಇದರ ನೀತಿ ಏನೆಂದು ನನ್ನನ್ನು ಕೇಳಬೇಡಿ. ಅದು ಗೊತ್ತಿದ್ದಿದ್ದರೆ ನಾನೂ ಇಷ್ಟು ವರ್ಷ ನಡುಬಯಲಿನ ಬಿಸಿಲು ಬಿಟ್ಟು ನೆರಳಲ್ಲಿ ಕೂತು ಕುಸ್ತಿ ನೋಡುತ್ತಿದ್ದೆ.